ಹತ್ತು ಸೆಕೆಂಡ್ ಲೆಕ್ಕ ನಂಬಬೇಡಿ

ಪ್ರಶ್ನೆ: ಸಿನಿಮಾ ಟ್ರೇಲರ್ ನೋಡುತ್ತಾ ಪ್ರತಿಕ್ರಿಯೆ ಕೊಡುವ ರಿಯಾಕ್ಷನ್ ವಿಡಿಯೋಗಳನ್ನು ಯೂಟ್ಯೂಬ್‌ಗೆ ಮಾಡುತ್ತೇನೆ. ಮೊನ್ನೆ ಒಂದಕ್ಕೆ ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರ ದೂರಿನ ಮೇಲೆ ವಿಡಿಯೋ ತೆಗೆದು ಕೊಡುವ ಎಚ್ಚರಿಕೆ) ಬಂತು. ಹತ್ತು ಸೆಕೆಂಡ್ ಒಳಗೆ ಬಳಸಿದರೆ ತೊಂದರೆ ಇಲ್ಲ ಅಂತಾರಲ್ಲ, ನಿಜವಾ?
– ಓದುಗ, ತುಮಕೂರು

ಉತ್ತರ: ಇಲ್ಲ. ಅಂಥ ಸೆಕೆಂಡ್ ಲೆಕ್ಕ ನಮ್ಮ ಕಾನೂನಿನಲ್ಲಿ ಇಲ್ಲ. ನಮ್ಮ 1957ರ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗೆ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ, ಅಂದರೆ ನೀವು ವಿಮರ್ಶೆ ಮಾಡಿರಬೇಕು.

ಅಮೆರಿಕದ ಒಂದು ಕೇಸ್ ನೋಡಿ. ಯೂಟ್ಯೂಬರ್‌ಗಳಾದ ಈಥನ್ ಮತ್ತು ಹೀಲಾ ಕ್ಲೈನ್ ದಂಪತಿ ಇನ್ನೊಬ್ಬರ ಐದು ನಿಮಿಷ ಚಿಲ್ಲರೆಯ ವಿಡಿಯೋದಲ್ಲಿ ಮೂರು ನಿಮಿಷಕ್ಕಿಂತ ಜಾಸ್ತಿ ಬಳಸಿದ್ದರು, ಆದರೂ 2017ರಲ್ಲಿ ನ್ಯೂಯಾರ್ಕ್ ಕೋರ್ಟಿನಲ್ಲಿ ಗೆದ್ದರು, ಯಾಕಂದ್ರೆ ತುಣುಕು ಹಾಕುವುದು, ನಿಲ್ಲಿಸುವುದು, ನಟನೆ ಡೈಲಾಗ್ ಎಲ್ಲವನ್ನೂ ಬಿಡಿಸಿ ಟೀಕಿಸುವುದು, ಮತ್ತೆ ಮುಂದಿನ ತುಣುಕು, ಹೀಗೇ ಅವರ ವಿಡಿಯೋ ಸುಮಾರು ಹದಿನಾಲ್ಕು ನಿಮಿಷ ಸಾಗುತ್ತದೆ. ಆದರೆ ಎಲ್ಲ ರಿಯಾಕ್ಷನ್ ವಿಡಿಯೋಗೂ ಈ ರಕ್ಷಣೆ ಇಲ್ಲ, ಕೆಲವು ಮಾತೇ ಇಲ್ಲದೆ ಗುಂಪಾಗಿ ಕೂತು ನೋಡಿದ ಹಾಗಿರುತ್ತವೆ ಎಂದು ನ್ಯಾಯಾಧೀಶರು ಅದೇ ತೀರ್ಪಿನಲ್ಲಿ ಹೇಳಿದ್ದಾರೆ. ನನಗೆ ತುಂಬಾ ಸರಿ ಅನಿಸುವ ಮಾತು ಅದು. ಮೂಲೆಯಲ್ಲಿ ಮುಖ ಇಟ್ಟು ಸುಮ್ನೆ "ವಾವ್" ಅಂದರೆ ಅದು ವಿಮರ್ಶೆ ಅಲ್ಲ, ಅಲ್ವಾ?

ಈಗ ನಿಮ್ಮ ಸ್ಟ್ರೈಕ್. 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗಬಹುದು, ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಮಾತು ನಿಜಕ್ಕೂ ಜಾಸ್ತಿ ಇದ್ದರೆ ಕೌಂಟರ್ ನೋಟಿಫಿಕೇಶನ್, ಅಂದರೆ ವಿಡಿಯೋ ವಾಪಸ್ ಹಾಕಿ ಎನ್ನುವ ಆಕ್ಷೇಪಣೆ, ಯೂಟ್ಯೂಬ್‌ಗೆ ಹಾಕಿ. ಆದರೆ ಅದು ಕಾನೂನಿನ ಹೇಳಿಕೆ, ನಿಮ್ಮ ಹೆಸರು ವಿಳಾಸ ಎದುರಿನವರಿಗೆ ಹೋಗುತ್ತದೆ, ಅವರು ಕೋರ್ಟಿಗೂ ಹೋಗಬಹುದು. ಮೊದಲು ವಕೀಲರಿಗೆ ವಿಡಿಯೋ ತೋರಿಸಿ.