ಮೈಸೂರಿನ ಚಳಿಗಾಲದಲ್ಲಿ ಹಿತ್ತಲ ಹಕ್ಕಿಗಳ ಫೋಟೊ ತೆಗೆಯುವುದು ಹೇಗೆ?

70-300 ಎಂಎಂ ಲೆನ್ಸ್ ಇದ್ದೂ ಹಿತ್ತಲಿನ ಹಕ್ಕಿಗಳು ಮಬ್ಬಾಗಿ ಬರುತ್ತವೆ, ಹತ್ತಿರ ಹೋದರೆ ಹಾರಿಬಿಡುತ್ತವೆ, ಇನ್ನೂ ದೊಡ್ಡ ಲೆನ್ಸ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ. ನನ್ನ ಹತ್ತಿರ ಇರುವುದೂ ಅಂಥದ್ದೇ ಲೆನ್ಸ್. ಹಕ್ಕಿಯ ಹಿಂದೆ ಹೋಗುವುದನ್ನು ಬಿಡಿ, ಅದು ಬಂದು ಕೂರುವ ಜಾಗ ಮೊದಲು ನೋಡಿಕೊಳ್ಳಿ.

ನಮ್ಮ ಮನೆ ಕುವೆಂಪುನಗರದಲ್ಲಿ. ಹಿತ್ತಲಲ್ಲಿ ಒಂದು ನುಗ್ಗೆಮರ, ಎರಡು ದಾಸವಾಳ, ಒಂದು ಕರಿಬೇವು, ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಆರೂವರೆ ಆಸುಪಾಸಿಗೆ. ರಾತ್ರಿಯ ಚಳಿಗೆ ಮುದುಡಿದ ಹಕ್ಕಿಗಳು ಎಳೆಬಿಸಿಲು ಮೊದಲು ಬೀಳುವ ಕೊಂಬೆ ಹುಡುಕಿಕೊಂಡು ಬರುತ್ತವೆ. ನಮ್ಮಲ್ಲಿ ಅದು ನುಗ್ಗೆಮರದ ಒಂದು ಒಣ ರೆಂಬೆ. ಪಿಕಳಾರದ ಜೋಡಿಯೊಂದು ಪುಕ್ಕ ಉಬ್ಬಿಸಿಕೊಂಡು ಅಲ್ಲಿ ಸುಮ್ನೆ ಕೂತಿರುತ್ತದೆ. ಎಂಥ ಚಂದ ಗೊತ್ತಾ! ಬಿಸಿಲು ನಿಮ್ಮ ಬೆನ್ನಿಗಿರಲಿ. ನಾನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ದಿನಾ ಅದೇ ಜಾಗ, ಅದೇ ಹೊತ್ತು. ಮೊದಲ ವಾರ ಒಂದೂ ಹತ್ತಿರ ಬರಲಿಲ್ಲ. ಆಮೇಲೆ ಮಡಿವಾಳ ಹಕ್ಕಿ ನನ್ನಿಂದ ಎರಡು ಮಾರು ದೂರದಲ್ಲೇ ಬಾಲ ಎತ್ತಿಕೊಂಡು ಹುಳ ಹೆಕ್ಕತೊಡಗಿತು.

ಮಬ್ಬಿಗೆ ಕಾರಣ ಹೆಚ್ಚಾಗಿ ಶಟರ್ ನಿಧಾನವಾಗಿ ತೆರೆದು ಮುಚ್ಚುವುದು. 300 ಎಂಎಂನಲ್ಲಿ ಕೂತ ಹಕ್ಕಿಗೂ ಶಟರ್ ವೇಗ 1/500 ಸೆಕೆಂಡ್ ಇಡಿ. ಸೂರಕ್ಕಿ, ಟುವ್ವಿ ಹಕ್ಕಿಗಾದರೆ 1/1000ಕ್ಕಿಂತ ಕೆಳಗೆ ಇಳಿಯಬೇಡಿ, ಅವು ಕೂತಲ್ಲೂ ಕದಲುತ್ತಲೇ ಇರುತ್ತವೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ) 1600ಕ್ಕೆ ಏರಿದರೆ ಏರಲಿ. ಸ್ವಲ್ಪ ಕಾಳುಕಾಳಾಗಿ ಬಂದರೂ ಪರವಾಗಿಲ್ಲ, ಅಲುಗಿದ ಫೋಟೊ ಸರಿಮಾಡಲು ಆಗುವುದಿಲ್ಲ ಅಲ್ವಾ? ಫೋಕಸ್ ಒಂದೇ ಪಾಯಿಂಟ್‌ಗೆ ಇಟ್ಟು ಹಕ್ಕಿಯ ಕಣ್ಣಿಗೆ ಹಿಡಿಯಿರಿ.

ಇನ್ನೊಂದು ಮಾತು. ಕಡುನೀಲಿ ಸೂರಕ್ಕಿಯ ಗಂಡು ಚಳಿಗಾಲದ ಆರಂಭದಲ್ಲಿ ಹೆಣ್ಣಿನ ಹಾಗೆ ಮಂಕಾಗಿರುತ್ತದೆ, ಗಂಟಲಿನಿಂದ ಎದೆಯವರೆಗೆ ಒಂದು ಕಪ್ಪು ಗೆರೆ ಮಾತ್ರ ಇರುತ್ತದೆ. ಹೆಣ್ಣು ಅಂತ ಕ್ಯಾಮೆರಾ ಇಳಿಸಬೇಡಿ. ಆ ಗೆರೆಯ ಫೋಟೊ ವರ್ಷವಿಡೀ ಸಿಗುವುದಿಲ್ಲ.

ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದು ಮಾತ್ರ ದಯವಿಟ್ಟು ಬೇಡ. ತನ್ನ ಜಾಗಕ್ಕೆ ಇನ್ನೊಂದು ನುಗ್ಗಿತು ಅಂತ ಅದು ಮೇವು ಬಿಟ್ಟು ಅಲೆದಾಡುತ್ತದೆ. ಉತ್ತರದಿಂದ ಅಷ್ಟು ದೂರ ಹಾರಿ ಬಂದ ಪುಟ್ಟ ಉಲಿಯಕ್ಕಿಗೆ ನಮ್ಮ ಹಿತ್ತಲಲ್ಲಿ ಆ ಕಷ್ಟ ಯಾಕೆ? ಅದರ ಬದಲು ನೀರಿಡಿ. ಮಡಕೆ ಮುಚ್ಚುವ ಮಣ್ಣಿನ ತಟ್ಟೆ ಸಾಕು, ನೀರು ಎರಡು ಬೆರಳಿಗಿಂತ ಜಾಸ್ತಿ ಬೇಡ, ದಿನಾ ಉಜ್ಜಿ ತೊಳೆಯಿರಿ. ಬೆಕ್ಕು ಅವಿತು ಕೂರಲು ಪೊದೆಯಿಲ್ಲದ ಕಡೆ ಇಡಿ. ಹಕ್ಕಿಗಳಿಗೆ ಅದು ಗೊತ್ತಾಗಲು ಕೆಲವು ದಿನ ಬೇಕು, ಆದ್ದರಿಂದ ನಾಳೆ ಬೆಳಿಗ್ಗೆಯೇ ಇಟ್ಟುಬಿಡಿ.