ಕಡಲಿಲ್ಲದ ಸೀಮೆಗೆ ಕಡಲ ಪಾಚಿಯ ಗೊಡವೆ ಯಾಕೆ?

ಮಾನ್ಯರೇ,

ಹೊಲದ ರಾಸಾಯನಿಕಗಳಿಂದಲೂ ಬಿಸಿಯೇರುತ್ತಿರುವ ನೀರಿನಿಂದಲೂ ಕಡಲ ಸೂಕ್ಷ್ಮಪಾಚಿಗಳಿಗೆ ಏನಾಗುತ್ತಿದೆ ಎಂಬ ಕಳೆದ ಸಂಚಿಕೆಯ ಲೇಖನ ಓದಿ, ಬೇತಮಂಗಲದ ಕಡೆಯಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರ ಪೂರ್ತಿ ಅಚ್ಚು ಮಾಡಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ನಿಮ್ಮ ತಕರಾರುಗಳ ಸಾರವನ್ನಷ್ಟೇ ಕೊಡುತ್ತೇನೆ. ಒಂದು, ಕೆರೆ ಕೋಡಿ ಬಿದ್ದರೆ ಹಬ್ಬ ಮಾಡುವ ಕೋಲಾರದವರು ಹೊಡೆದ ಔಷಧಿ ಸಮುದ್ರ ಸೇರುತ್ತದೆ ಎಂದರೆ ನಂಬುವವರು ಯಾರು? ಎರಡು, ಗೊಬ್ಬರದಿಂದ ಪಾಚಿ ಹೆಚ್ಚುತ್ತದೆ ಎಂದು ಒಂದು ಪುಟದಲ್ಲಿ, ಕಳೆನಾಶಕದಿಂದ ಪಾಚಿ ಸಾಯುತ್ತದೆ ಎಂದು ಮುಂದಿನ ಪುಟದಲ್ಲಿ ಬರೆದರೆ ಜಮಾ ಖರ್ಚು ಸರಿಹೋಯಿತಲ್ಲ? ಮೂರು, ಔಷಧಿ ಬೇಡವೆಂದರೆ ಸಂಪಾದಕರೇ ಬಂದು ಟೊಮೆಟೊ ತೋಟದ ಕಳೆ ಕೀಳುತ್ತಾರೆಯೇ? ಕೊನೆಗೊಂದು ಉಪಪ್ರಶ್ನೆ: ನಿಮ್ಮ ಕೃಷಿ ಹೊಂಡ ಹಸಿರುಗಟ್ಟಿದೆ, ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಬಹುದೇ?

ಜಮಾ ಖರ್ಚಿನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದವು ಅರ್ಧ ಬಗೆಹರಿದಂತೆ.

ಗೊಬ್ಬರದ ಜಮೆ ಬೀಳುವುದು ಒಂದು ಖಾತೆಗೆ, ಕಳೆನಾಶಕದ ಖರ್ಚು ಬೀಳುವುದು ಇನ್ನೊಂದು ಖಾತೆಗೆ. ಕಡಲ ಪಾಚಿಗಳಲ್ಲಿ ಡಯಾಟಮ್ ಎಂಬ ದೊಡ್ಡ ಗುಂಪಿದೆ. ಒಂದೇ ಜೀವಕೋಶದ ಇವುಗಳ ಮೈಸುತ್ತ ಗಾಜಿನಂಥ ಸಿಲಿಕಾದ ಚಿಪ್ಪು; ಎರಡು ಮುಚ್ಚಳಗಳು ಒಂದರೊಳಗೊಂದು ಕೂತ ಡಬ್ಬಿಯ ಹಾಗಿರುತ್ತದೆ. ಬೆಳೆಯಲು ಸಾರಜನಕ ಎಷ್ಟು ಬೇಕೋ, ಆ ಚಿಪ್ಪು ಕಟ್ಟಿಕೊಳ್ಳಲು ಪರಮಾಣುಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಸಿಲಿಕಾನ್ ಬೇಕು. ಯೂರಿಯಾ ಮತ್ತು ಡಿಎಪಿ ಹರಿದು ಹೋದಾಗ ನೀರಿಗೆ ಸಾರಜನಕ ಸೇರುತ್ತದೆ, ರಂಜಕ ಸೇರುತ್ತದೆ, ಸಿಲಿಕಾನ್ ಸೇರುವುದಿಲ್ಲ. ಅದು ಬರುವುದು ಬಂಡೆ ಸವೆದು. ಹಾಗೆ ಬಂದದ್ದರಲ್ಲೂ ಒಂದು ಪಾಲನ್ನು ಅಣೆಕಟ್ಟುಗಳು ಹೂಳಿನ ಜೊತೆ ಹಿಡಿದಿಟ್ಟುಕೊಳ್ಳುತ್ತವೆ. ಸಿಲಿಕಾನ್ ತೀರಿದ ಗಳಿಗೆಯಲ್ಲಿ ಡಯಾಟಮ್‌ಗಳ ಬೆಳವಣಿಗೆ ನಿಲ್ಲುತ್ತದೆ, ಉಳಿದ ಗೊಬ್ಬರವೆಲ್ಲ ಚಿಪ್ಪಿನ ಹಂಗಿಲ್ಲದ ಜಾತಿಗಳ ಪಾಲಾಗುತ್ತದೆ. ಹಾಗಾಗಿ ಪಾಚಿ ಎಷ್ಟಿದೆ ಎಂದು ಕೇಳಿದರೆ ಸಾಲದು, ಯಾವುದಿದೆ ಎಂದು ಕೇಳಬೇಕು. ಬೂತಾಯಿ ಮೀನಿನ ಮುಖ್ಯ ಆಹಾರಗಳಲ್ಲಿ ಡಯಾಟಮ್ ಒಂದು. ನಮ್ಮ ಸಂತೆಯ ಒಣಮೀನಿನ ಬುಟ್ಟಿಗೂ ಈ ಗಾಜಿನ ಡಬ್ಬಿಗಳಿಗೂ ನಂಟಿರುವುದು ಹೀಗೆ.

ಈಗ ಕಳೆನಾಶಕದ ಕಡೆ ಬರೋಣ. ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಜಿನ್, ಆಲೂಗಡ್ಡೆಗೆ ಹೊಡೆಯುವ ಮೆಟ್ರಿಬುಜಿನ್, ಡೈಯುರಾನ್ ಇವೆಲ್ಲ ಒಂದೇ ಕಸುಬಿನವು. ಎಲೆಯೊಳಗೆ ಬಿಸಿಲು ಬಿದ್ದಾಗ ಹೊರಡುವ ಎಲೆಕ್ಟ್ರಾನುಗಳು ಡಿ1 ಎಂಬ ಪ್ರೋಟೀನಿನ ಬಳಿ ಒಂದು ಸಣ್ಣ ಅಣುವಿಗೆ ವರ್ಗವಾಗುತ್ತವೆ. ಆ ಅಣು ಕೂರಬೇಕಾದ ಜಾಗದಲ್ಲಿ ಕಳೆನಾಶಕ ಹೋಗಿ ಕೂರುತ್ತದೆ. ಬಿಸಿಲಿನ ಶಕ್ತಿಗೆ ಹೋಗಲು ದಾರಿಯಿಲ್ಲದೆ ಕೋಶದೊಳಗೆ ಸುಡುವಂಥ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಗಿಡ ಹಳದಿಯಾಗಿ ಒಣಗುವುದು ಹಸಿವಿಗಿಂತ ಹೆಚ್ಚಾಗಿ ಈ ಸುಡುವಿಕೆಯಿಂದ. ಮೆಕ್ಕೆಜೋಳ ಯಾಕೆ ಸಾಯುವುದಿಲ್ಲ? ಅಟ್ರಜಿನ್‌ನ ವಿಷ ಮುರಿಯುವ ಕಿಣ್ವ ಅದಕ್ಕಿದೆ. ಡಿ1 ಪ್ರೋಟೀನು ಮಾತ್ರ ಹೊಲದ ಕಳೆಗೂ ಕಡಲ ಡಯಾಟಮ್‌ಗೂ ಹೆಚ್ಚುಕಡಿಮೆ ಒಂದೇ. ರೇಷ್ಮೆ ಸಾಕುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ತೋಟದವರು ಕಾಯಿಕೊರಕಕ್ಕೆ ಹೊಡೆದ ಔಷಧಿ ಗಾಳಿಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಗೂಡು ಕಟ್ಟಲು ಚಂದ್ರಿಕೆಗೆ ಏರಬೇಕಾದ ಹುಳು ತಟ್ಟೆಯಲ್ಲೇ ಸಾಯುತ್ತದೆ. ಕಾಯಿಕೊರಕವೂ ರೇಷ್ಮೆಹುಳುವೂ ಔಷಧಿಯ ಕಣ್ಣಿಗೆ ಎರಡೂ ಹುಳುಗಳೇ.

ಕಡಲಿನಲ್ಲಿ ಪಾಚಿಯನ್ನು ಸಾಯಿಸುವಷ್ಟು ಕಳೆನಾಶಕ ಸಿಗುವುದು ಅಪರೂಪ. ಆದರೆ ಸಾಯಿಸಬೇಕೆಂದೇನೂ ಇಲ್ಲ, ಬೆಳವಣಿಗೆ ಸ್ವಲ್ಪ ತಗ್ಗಿದರೂ ಸಾಕು, ತಡೆದುಕೊಳ್ಳಬಲ್ಲ ಜಾತಿ ಮುಂದೆ ಹೋಗುತ್ತದೆ. ಬಿಸಿಲನ್ನೇ ನಂಬಿದವು ಸೊರಗುತ್ತವೆ. ಬಿಸಿಲು ಕೈಕೊಟ್ಟರೆ ಪಕ್ಕದವರನ್ನು ನುಂಗಿ ಬದುಕುವವು ಉಳಿಯುತ್ತವೆ. ಗೊಬ್ಬರವೂ ಕಳೆನಾಶಕವೂ ಒಂದನ್ನೊಂದು ಸರಿದೂಗಿಸುವ ಬದಲು ಒಂದೇ ದಿಕ್ಕಿಗೆ ತಳ್ಳುವ ಸಂದರ್ಭಗಳಿವೆ ಎಂದು ನಮ್ಮ ಲೇಖಕರು ಬರೆದದ್ದು ಇದೇ ಅರ್ಥದಲ್ಲಿ.

ಇನ್ನು ಬಿಸಿ. ನೀರು ಬೆಚ್ಚಗಾದರೆ ವಿಷ ಬೇಗ ಕೊಳೆಯುತ್ತದೆ, ಒಳ್ಳೆಯದೇ ಆಯಿತಲ್ಲ ಎಂದು ನೀವು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಆಸ್ಟ್ರೇಲಿಯಾದ ವಿಜ್ಞಾನಿಗಳು ಕಡಲ ನೀರಿನಲ್ಲಿ ಗ್ಲೈಫೊಸೇಟ್ ಎಂಬ ಕಳೆನಾಶಕ ಬೆರೆಸಿ ಇಟ್ಟು ನೋಡಿ 2014ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: 25 ಡಿಗ್ರಿಯಲ್ಲಿ, ಮಂದ ಬೆಳಕಿನಲ್ಲಿ ಅರ್ಧ ಕರಗಲು 47 ದಿನ, ಅದೇ 25 ಡಿಗ್ರಿಯಲ್ಲಿ, ಕತ್ತಲೆಯಲ್ಲಿ 267 ದಿನ, 31 ಡಿಗ್ರಿಯಲ್ಲಿ, ಕತ್ತಲೆಯಲ್ಲಿ 315 ದಿನ. ಬಿಸಿ ಏರಿದರೆ ವಿಷ ಇಳಿಯುತ್ತದೆ ಎಂಬ ನಮ್ಮ ಎಣಿಕೆ ಅಲ್ಲಿ ನಿಲ್ಲಲಿಲ್ಲ. ಪಾಚಿಯ ಕಡೆಯಿಂದ ನೋಡಿದರೆ, ಬಿಸಿಲಿಗೆ ಸಿಕ್ಕ ಡಿ1 ಪ್ರೋಟೀನು ದಿನವಿಡೀ ಕೆಡುತ್ತಲೇ ಇರುತ್ತದೆ, ಕೋಶ ಅದನ್ನು ರಿಪೇರಿ ಮಾಡುತ್ತಲೇ ಇರುತ್ತದೆ. ತುಸು ಬೆಚ್ಚಗಾದರೆ ಕೆಲವು ಜಾತಿಗಳಲ್ಲಿ ರಿಪೇರಿ ಚುರುಕಾಗುತ್ತದೆ, ಅವು ಕಳೆನಾಶಕವನ್ನೂ ಹೆಚ್ಚು ತಡೆದುಕೊಳ್ಳುತ್ತವೆ. ತಾಳಿಕೆಯ ಅಂಚು ದಾಟಿದರೆ ರಿಪೇರಿ ಹಿಂದೆ ಬೀಳುತ್ತದೆ. ಬಿಸಿಯೂ ವಿಷವೂ ಒಂದೇ ಜಾಗಕ್ಕೆ ಏಟು ಹಾಕುತ್ತವೆ. ಆದ್ದರಿಂದ ಬಿಸಿನೀರು ಪಾಚಿಗೆ ಕೆಟ್ಟದ್ದು ಎಂದು ಒಂದೇ ಸಾಲಿನಲ್ಲಿ ಬರೆಯುವವರನ್ನು ನಾನಂತೂ ನಂಬುವುದಿಲ್ಲ. ನಾವು ಉಸಿರಾಡುವ ಗಾಳಿಯ ಅರ್ಧ ಆಮ್ಲಜನಕ ಕಡಲಿನದು ಎಂದು ಬರೆಯುವವರನ್ನೂ ಅಷ್ಟೇ. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಕಡಲಿನಲ್ಲಿ ನಡೆಯುವುದು ನಿಜ, ಆದರೆ ಅಲ್ಲಿ ಹುಟ್ಟಿದ ಆಮ್ಲಜನಕದ ಬಹುಪಾಲು ಅಲ್ಲಿಯೇ ಖರ್ಚಾಗುತ್ತದೆ.

ಕಡಲ ಬಿಸಿಯ ದೊಡ್ಡ ಕಾಟ ಇರುವುದು ಬೇರೆಡೆ. ಮೇಲಿನ ನೀರು ಬಿಸಿಯಾದಷ್ಟೂ ಹಗುರವಾಗಿ, ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳಲು ಬಿಡುವುದಿಲ್ಲ. ಬಂಗಾಳ ಕೊಲ್ಲಿಯಲ್ಲಿ ಗಂಗಾ, ಬ್ರಹ್ಮಪುತ್ರ, ಗೋದಾವರಿಗಳ ಸಿಹಿನೀರು ಮೊದಲೇ ಮೇಲೆ ಪದರವಾಗಿ ಹರಡಿಕೊಂಡಿದೆ. ಪಶ್ಚಿಮದ ಕಡೆ ನೋಡಿದರೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಎಂ. ಕೆ. ರಾಕ್ಸಿ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ಆರು ದಶಕಗಳಲ್ಲಿ ಪಶ್ಚಿಮ ಹಿಂದೂ ಮಹಾಸಾಗರದ ಸಸ್ಯಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಪಾಚಿಗಳು, ಶೇ. 20ರವರೆಗೆ ಕುಸಿದಿವೆ. ಅರಬ್ಬಿ ಸಮುದ್ರದಲ್ಲಿ ಚಳಿಗಾಲಕ್ಕೆ ಡಯಾಟಮ್ ತುಂಬುತ್ತಿದ್ದ ಜಾಗವನ್ನು ಈಚಿನ ದಶಕಗಳಲ್ಲಿ ನಾಕ್ಟಿಲ್ಯೂಕಾ ಆಕ್ರಮಿಸುತ್ತಿದೆ. ಹೊಟ್ಟೆಯೊಳಗೆ ಹಸಿರು ಪಾಚಿಯನ್ನು ಸಾಕಿಕೊಂಡು, ಜೊತೆಗೆ ಡಯಾಟಮ್‌ಗಳನ್ನೂ ನುಂಗುವ ಜೀವಿ ಇದು. 2019ರ ಆಗಸ್ಟ್‌ನಲ್ಲಿ ಚೆನ್ನೈ ಕಡಲತೀರದ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದು ಜನ ಮೊಬೈಲ್ ಹಿಡಿದು ಓಡಿದರಲ್ಲ, ಹೊಳೆದದ್ದು ಈ ನಾಕ್ಟಿಲ್ಯೂಕಾ. ಮರು ತಿಂಗಳೇ ಮನ್ನಾರ್ ಕೊಲ್ಲಿಯಲ್ಲಿ ಅದು ಹಬ್ಬಿದಾಗ ಮೀನುಗಳು ಸತ್ತು ದಡಕ್ಕೆ ಬಂದವು.

ಅದಕ್ಕೂ ಕೋಲಾರಕ್ಕೂ ಸಂಬಂಧ ಹಚ್ಚುವ ಉದ್ದೇಶ ನನಗಿಲ್ಲ. ಸಾಮಾನ್ಯ ವರ್ಷಗಳಲ್ಲಿ ನಿಮ್ಮ ಹೊಲದ ಔಷಧಿ ಕಡಲು ಮುಟ್ಟುವುದಿಲ್ಲ, ಈ ಮಾತಿನಲ್ಲಿ ನೀವು ಹೇಳಿದ್ದೇ ಸರಿ. ಆಸ್ಟ್ರೇಲಿಯಾದ ಹವಳದ ದಂಡೆಗೆ ಡೈಯುರಾನ್ ಹರಿಯುವುದು ಕಡಲ ಮಗ್ಗುಲಿಗೇ ಇರುವ ಕಬ್ಬಿನ ಗದ್ದೆಗಳಿಂದ. ಅಲ್ಲಿನ ಅಂಕಿಗಳನ್ನು ತಂದು ನಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಭೂಪಟ ಬಿಡಿಸಿ ನೋಡಿ. ನಿಮ್ಮೂರ ಪಾಲಾರ್ ಕಲ್ಪಾಕ್ಕಂ ಬಳಿ, ದಕ್ಷಿಣ ಪಿನಾಕಿನಿ ಕಡಲೂರಿನ ಬಳಿ, ಉತ್ತರ ಪಿನಾಕಿನಿ ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಯನ್ನೇ ಸೇರುತ್ತವೆ. ತುಮಕೂರಿನ ಜಯಮಂಗಲಿ ಉತ್ತರ ಪಿನಾಕಿನಿಗೆ, ಶಿಂಷಾ ಕಾವೇರಿಗೆ. 2021ರ ನವೆಂಬರ್ ಮಳೆಗೆ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದು ಪಾಲಾರ್ ಹರಿದದ್ದನ್ನು ನೀವೇ ಕಂಡಿದ್ದೀರಿ. ವರ್ಷಗಟ್ಟಲೆ ಕೆರೆಯಲ್ಲಿ ಕೂಡಿಟ್ಟದ್ದು ಹೊರಡುವುದು ಅಂಥ ಮಳೆಗೆ. ಪಾಲಾರ್ ನೀರಿನ ಪಾಲಿಗಾಗಿ ಮೈಸೂರು ಮತ್ತು ಮದ್ರಾಸು 1892ರಲ್ಲೇ ಒಪ್ಪಂದ ಬರೆದುಕೊಂಡವು. ನೀರಿನೊಳಗೆ ಬೆರೆತದ್ದಕ್ಕೆ ಆಗ ಲೆಕ್ಕವಿರಲಿಲ್ಲ.

ನಿಮ್ಮ ವಾದವನ್ನು ಪೂರ್ತಿ ಒಪ್ಪಿದರೆ ನನಗೆ ಹೆಚ್ಚು ಗಾಬರಿಯಾಗುತ್ತದೆ. ಕಡಲಿಗೆ ಹೋಗದಿದ್ದರೆ ಎಲ್ಲಿಗೆ ಹೋಯಿತು? ಕೆರೆ ಅಂಗಳದ ಹೂಳಿಗೆ, ಅಲ್ಲಿಂದ ಕೊಳವೆಬಾವಿಗೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳು ಆ ಗೆರೆ ದಾಟಿವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಎರಡನೇ ಹಂತದ ಸಂಸ್ಕರಣೆ ಸಾರಜನಕ, ರಂಜಕಗಳನ್ನು ಪೂರ್ತಿ ತೆಗೆಯುವುದಿಲ್ಲ. ಅದರ ಮೇಲೆ ನಮ್ಮ ಹೊಲಗಳ ಯೂರಿಯಾ. ಕಡಲಿನಲ್ಲಿ ನಡೆಯುವ ಆಟವೇ ಕೆರೆಯಲ್ಲೂ ನಡೆಯುತ್ತದೆ, ಪಾತ್ರಧಾರಿಗಳಷ್ಟೇ ಬೇರೆ. ಡಯಾಟಮ್ ಹಿಂದೆ ಸರಿದ ಕಡೆ ಮೈಕ್ರೊಸಿಸ್ಟಿಸ್ ಎಂಬ ನೀಲಿಹಸಿರು ಪಾಚಿ ಏಳುತ್ತದೆ. ಕೋಶದೊಳಗಿನ ಗಾಳಿಗುಳ್ಳೆಗಳ ಬಲದಿಂದ ತೇಲಿ ಬಂದು, ಗಾಳಿ ಬೀಸುವ ಕಡೆಯ ದಡಕ್ಕೆ ಹಸಿರು ಬಣ್ಣ ಚೆಲ್ಲಿದಂತೆ ಒತ್ತರಿಸಿಕೊಳ್ಳುತ್ತದೆ. ಸೆಕೆ ಹೆಚ್ಚಿದಷ್ಟೂ ಅದಕ್ಕೆ ಅನುಕೂಲ. ಕಡಲಿಲ್ಲದ ಓದುಗರಿಗಾಗಿ ಕಡಲ ಲೇಖನ ಹಾಕಿದ್ದು ಇದಕ್ಕೇ.

ಕಳೆ ಕೀಳಲು ನಾನು ಬರುವುದಿಲ್ಲ, ಬಂದರೂ ನಿಮಗೆ ನಷ್ಟ. ಈಗಿನ ಕೂಲಿ ಕೊಟ್ಟು ಕಳೆ ತೆಗೆಸಿ ಎಂದು ಉಪದೇಶಿಸುವ ಮುಖವೂ ನನಗಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ 27 ಔಷಧಿಗಳ ನಿಷೇಧಕ್ಕೆ ಕರಡು ಹೊರಡಿಸಿದಾಗ ಅಟ್ರಜಿನ್, ಡೈಯುರಾನ್ ಎರಡೂ ಅದರಲ್ಲಿದ್ದವು. ಕೊನೆಗೆ ನಿಷೇಧವಾದವು ಬೆರಳೆಣಿಕೆಯಷ್ಟು. ಸರ್ಕಾರಕ್ಕೇ ಆಗದ್ದನ್ನು ಒಬ್ಬ ರೈತನ ಮೇಲೆ ಹೊರಿಸುವುದು ಸರಿಯಲ್ಲ. ಕಾಸು ಖರ್ಚಿಲ್ಲದ್ದನ್ನು ಮಾತ್ರ ಹೇಳುತ್ತೇನೆ. ಮೋಡ ಕಟ್ಟಿದ ದಿನ ಹೊಡೆಯಬೇಡಿ. ಕಾಲುವೆಯ ಅಂಚಿಗೆ, ಬದುವಿಗೆ ಹೊಡೆಯಬೇಡಿ. ಅಲ್ಲಿನ ಹುಲ್ಲು ಹರಿಯುವ ಮಣ್ಣನ್ನು ಹಿಡಿಯುತ್ತದೆ, ದನಕ್ಕೂ ಆಗುತ್ತದೆ. ಔಷಧಿ ಟ್ಯಾಂಕನ್ನು ಕುಂಟೆಯಲ್ಲಿ ಅದ್ದಿ ತೊಳೆಯುವ ರೂಢಿ ಬಿಡಿ, ತೊಳೆದ ನೀರನ್ನು ಹೊಡೆದ ಹೊಲಕ್ಕೇ ಚೆಲ್ಲಿ. ಮಲ್ಚಿಂಗ್ ಹಾಳೆ ಹಾಸಿ ಡ್ರಿಪ್ಪಿನಲ್ಲಿ ಗೊಬ್ಬರ ಬಿಡುವವರು ನೀವಾಗಿದ್ದರೆ ಈ ಪಾಠದ ಅರ್ಧ ನಿಮಗೆ ಬೇಕಿಲ್ಲ.

ಕೊನೆಯದಾಗಿ ಮೈಲುತುತ್ತ. ಪಾಚಿ ಸಾಯುತ್ತದೆ, ನೀರು ತಿಳಿಯಾಗುತ್ತದೆ, ಅಪಾಯ ಶುರುವಾಗುವುದು ಆಮೇಲೆ. ನೀಲಿಹಸಿರು ಪಾಚಿಯ ಕೆಲವು ಬಗೆಗಳು ವಿಷವನ್ನು ಕೋಶದೊಳಗೇ ಇಟ್ಟುಕೊಂಡಿರುತ್ತವೆ. ಕೋಶ ಒಡೆದರೆ ಅದೆಲ್ಲ ನೀರಿಗೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಅಣೆಕಟ್ಟೆಯ ಪಾಚಿಗೆ ಮೈಲುತುತ್ತ ಹಾಕಿದ ಕೆಲವೇ ದಿನಗಳಲ್ಲಿ 148 ಜನ ಕಾಯಿಲೆ ಬಿದ್ದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ನಿಮ್ಮ ಹೊಂಡದಲ್ಲಿ ದನ ನೀರು ಕುಡಿಯುವುದಾದರೆ, ಮೀನು ಬಿಟ್ಟಿದ್ದರೆ, ಆ ಕೆಲಸಕ್ಕೆ ಹೋಗಲೇಬೇಡಿ. ಒಂದು ಕೋಲು ಅದ್ದಿ ಎತ್ತಿ ನೋಡಿ. ಕೂದಲಿನಂತೆ ಎಳೆಎಳೆಯಾಗಿ ಸುತ್ತಿಕೊಂಡು ಬಂದರೆ ಸಾಮಾನ್ಯ ಹಸಿರು ಪಾಚಿ, ಕೋಲಿನಿಂದಲೇ ಎಳೆದು ತಿಪ್ಪೆಗೆ ಹಾಕಿ. ಬಣ್ಣದ ನೀರಿನಂತೆ ಕೋಲಿಗೆ ಬಳಿದುಕೊಂಡರೆ ದನಗಳನ್ನು ಅತ್ತ ಬಿಡದೆ, ಹೊಂಡಕ್ಕೆ ನೆರಳುಪರದೆ ಕಟ್ಟಿ, ತಿಪ್ಪೆಯ ನೀರೂ ಗೊಬ್ಬರದ ನೀರೂ ಒಳಗೆ ಹರಿಯುವ ಜಾಗವನ್ನು ಹುಡುಕಿ ಮುಚ್ಚಿ. ಒಂದು ಬಾಟಲಿ ನೀರನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಕೊಟ್ಟರೆ ಅವರ ಸೂಕ್ಷ್ಮದರ್ಶಕದಲ್ಲಿ ಯಾವುದೆಂದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ನಮಗೂ ಒಂದು ಕಾರ್ಡು ಬರೆಯಿರಿ.

ಸಂಪಾದಕ