ಸ್ಟ್ರಾಫರ್ಡ್ ದ್ರೋಹಿಯೋ, ಬಲಿಪಶುವೋ?

ಓದುಗರ ಪತ್ರ: ಇಂಗ್ಲೆಂಡಿನ ಒಳಯುದ್ಧದ ಲೇಖನದಲ್ಲಿ ಸ್ಟ್ರಾಫರ್ಡ್‌ನನ್ನು ದರ್ಪದ ಮಂತ್ರಿ ಎಂದಿದ್ದೀರಿ. ರಾಜ ಹೇಳಿದ್ದನ್ನು ಮಾಡಿದವನು ರಾಜದ್ರೋಹಿ ಹೇಗಾದ? ಪಾರ್ಲಿಮೆಂಟಿನವರ ಹೊಟ್ಟೆಕಿಚ್ಚಿಗೆ ಬಲಿಯಾದವನಲ್ಲವೇ?
(ಓದುಗರೊಬ್ಬರು, ಧಾರವಾಡ)

ಸಂಪಾದಕರ ಉತ್ತರ: ಬರೀ ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬೇಡಿ ಸ್ವಾಮಿ. ಈ ಥಾಮಸ್ ವೆಂಟ್‌ವರ್ತ್ (ಸ್ಟ್ರಾಫರ್ಡ್ ಪದವಿ ಸಿಕ್ಕಿದ್ದು 1640ರಲ್ಲಿ) ಮೊದಲು ರಾಜನ ವಿರೋಧಿಗಳ ಸಾಲಿನಲ್ಲೇ ಇದ್ದವನು. ರಾಜ ಒಂದನೇ ಚಾರ್ಲ್ಸ್ ಬಲವಂತದ ಸಾಲ ಎತ್ತಿದಾಗ ಕೊಡಲ್ಲ ಅಂದು 1627ರಲ್ಲಿ ಬಂಧನಕ್ಕೂ ಒಳಗಾಗಿದ್ದ. ಮರುವರ್ಷವೇ ರಾಜನ ಕಡೆ ಹೋದ. ಹಳೇ ಜೊತೆಗಾರರು ಇದನ್ನು ಮರೆಯಲಿಲ್ಲ.

1633ರಲ್ಲಿ ಐರ್ಲೆಂಡ್ ಆಳಲು ಹೋದ. ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಖಜಾನೆ ತುಂಬಿತು, ಕಡಲುಗಳ್ಳರು ಅಡಗಿದರು. ಆದರೆ ಅಲ್ಲಿನ ಗಾಲ್ವೇ ಪ್ರದೇಶದ ಜಮೀನು ರಾಜನದ್ದು ಅಂತ ತೀರ್ಪು ಕೊಡಲು ಒಪ್ಪದ ಜ್ಯೂರಿಯವರಿಗೇ ದಂಡ ಹಾಕಿಸಿದ!

ಮೌಂಟ್‌ನಾರಿಸ್ ಪ್ರಕರಣ ನೋಡಿ. ವೆಂಟ್‌ವರ್ತ್‌ಗೆ ಗೌಟ್ ಎಂಬ ಕೀಲುಬೇನೆ, ಕಾಲು ಮುಟ್ಟಿದರೆ ಪ್ರಾಣ ಹೋಗುವ ನೋವು. ಒಬ್ಬ ಸೇವಕನ ಕೈತಪ್ಪಿ ಆ ಕಾಲಿನ ಮೇಲೆ ಸ್ಟೂಲ್ ಬಿತ್ತು. ಆ ಸೇವಕ ಖಜಾನೆ ಅಧಿಕಾರಿ ಮೌಂಟ್‌ನಾರಿಸ್‌ನ ನೆಂಟ. ಮೌಂಟ್‌ನಾರಿಸ್ ಊಟದ ಮನೆಯಲ್ಲಿ, ಅದು ಹಿಂದೆ ಆದ ಅವಮಾನದ ಸೇಡಿರಬಹುದು ಅನ್ನೋ ಅರ್ಥದಲ್ಲಿ ಏನೋ ಅಂದ. ಅಷ್ಟಕ್ಕೇ, ಸೈನ್ಯದಲ್ಲೂ ಹುದ್ದೆ ಇದೆಯಲ್ಲ ಎಂಬ ನೆಪದಲ್ಲಿ, 1635ರಲ್ಲಿ ಅವನನ್ನು ಸೇನಾ ನ್ಯಾಯಾಲಯಕ್ಕೆ ಎಳೆದು ಮರಣದಂಡನೆ ವಿಧಿಸಿದರು. ಜೀವ ಉಳಿಯಿತು, ಹುದ್ದೆ ಹೋಯಿತು. ಇಂಥವೇ ಜಾಸ್ತಿಯಾಗಿ, ಒಬ್ಬರನ್ನೊಬ್ಬರು ಕಂಡರಾಗದ ಐರ್ಲೆಂಡಿನ ಕ್ಯಾಥೊಲಿಕ್ಕರು, ಪ್ರಾಟೆಸ್ಟಂಟರು ಅವನ ವಿರುದ್ಧ ಒಂದಾದರು.

ಕೊನೆಗೆ ಪಾರ್ಲಿಮೆಂಟ್ ಅವನನ್ನು ರಾಜದ್ರೋಹದ ವಿಚಾರಣೆಗೆ ಎಳೆಯಿತು. ಇದೆಲ್ಲ ದಬ್ಬಾಳಿಕೆ ಸರಿ, ರಾಜದ್ರೋಹ ಹೇಗೆ? ನಿಮ್ಮ ಪ್ರಶ್ನೆಗೆ ತೂಕ ಇರುವುದು ಇಲ್ಲೇ. ರಾಜ ಪ್ರಜೆಗಳ ನಡುವಿನ ಕಾನೂನಿನ ಕಟ್ಟನ್ನು ಮುರಿದವನು ರಾಜನಿಗೇ ದ್ರೋಹ ಮಾಡಿದಂತೆ ಅನ್ನುವುದು ಪಾರ್ಲಿಮೆಂಟಿನ ಮುಂದಾಳು ಜಾನ್ ಪಿಮ್ ವಾದ. ಜಾಣ ವಾದವೇ. ಆದರೆ ಸಾಕ್ಷಿ ಬೇಕಲ್ಲ? ಐರ್ಲೆಂಡಿನ ಸೈನ್ಯ ತಂದು 'ಈ ರಾಜ್ಯ'ವನ್ನು ಹದ್ದುಬಸ್ತಿಗೆ ತರಬಹುದು ಎಂದು ಅವನು ರಾಜನಿಗೆ ಸಲಹೆ ಕೊಟ್ಟನೆಂದು ರಾಜನ ಕಾರ್ಯದರ್ಶಿ ವೇನ್ ಹೇಳಿದ. ಆ ಸಲಹಾ ಸಭೆಯಲ್ಲಿದ್ದ ಬೇರೆಯವರು ಅಂಥ ಮಾತು ನೆನಪಿಲ್ಲ ಅಂದರು. ಆಗ ದಂಗೆ ಎದ್ದಿದ್ದು ಸ್ಕಾಟ್ಲೆಂಡ್. 'ಈ ರಾಜ್ಯ' ಅಂದರೆ ಅದೇ ಇರಬಹುದಲ್ವಾ? ಮೇಲಾಗಿ ರಾಜದ್ರೋಹಕ್ಕೆ ಇಬ್ಬರ ಸಾಕ್ಷಿ ಬೇಕು, ಇದ್ದವನು ವೇನ್ ಒಬ್ಬನೇ.

ಕಾಯಿಲೆ ಮೈಯಲ್ಲೂ ಸ್ಟ್ರಾಫರ್ಡ್ ಚೆನ್ನಾಗಿ ವಾದಿಸಿದ. ವಿಚಾರಣೆ ಕೈಕೊಡುತ್ತದೆ ಅನ್ನಿಸಿದ್ದೇ ತಡ, ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ದಾರಿ ಬದಲಿಸಿತು. ಇವನು ದ್ರೋಹಿ ಅಂತ ಸೀದಾ ಮಸೂದೆಯನ್ನೇ ತಂದಿತು. ಪರವಾಗಿ 204 ಮತ, ವಿರುದ್ಧ 59. ವಿರೋಧಿಸಿದವರ ಹೆಸರು ಬೀದಿಯಲ್ಲಿ ಅಂಟಿಸಿದರು. ನಿನ್ನ ಪ್ರಾಣಕ್ಕೆ ಅಪಾಯ ಬರಲ್ಲ ಅಂತ ಮಾತು ಕೊಟ್ಟಿದ್ದ ರಾಜನೇ ಜನರ ಗಲಾಟೆಗೆ ಬೆದರಿ ಸಹಿ ಹಾಕಿದ. 1641ರ ಮೇ 12ರಂದು ಟವರ್ ಹಿಲ್‌ನಲ್ಲಿ ತಲೆ ಕಡಿದರು.

ಹಾಗಾಗಿ ದರ್ಪದ ಮಂತ್ರಿ ಅಂದದ್ದರಲ್ಲಿ ತಪ್ಪಿಲ್ಲ. ದ್ರೋಹಿ ಅಂತ ನಮ್ಮ ಲೇಖನ ಎಲ್ಲೂ ಅಂದಿಲ್ಲ. ಮಸೂದೆ ಬರೆದವರಿಗೂ ಅಳುಕು ಇತ್ತು ಅನ್ನಿಸುತ್ತದೆ. ಇದನ್ನು ನೋಡಿ ನ್ಯಾಯಾಧೀಶರು ರಾಜದ್ರೋಹದ ಅರ್ಥವನ್ನು ಹಿಗ್ಗಿಸುವಂತಿಲ್ಲ ಎಂದು ಅದರಲ್ಲೇ ಒಂದು ಷರತ್ತು ಸೇರಿಸಿದ್ದರು.